ಅರ್ಧ ಗಡ್ಡದ ಓದುಗ

ಅಕ್ಕನ ಮನೆಯ ಸಮಸ್ತ ಸಭಿಕರೇ, ಅಕ್ಕಾ, ಭಾವ, ಮಕ್ಕಳೇ, ಕಿವಿಗೊಟ್ಟು ಕೇಳಿ!

ನಾನೇ ಬರೆದು ನಾನೇ ಪ್ರಕಟಿಸಿದ ಇ-ಪುಸ್ತಕಕ್ಕೆ ಇಂದಿನವರೆಗೆ ಒಬ್ಬ ಓದುಗನೂ ಇರಲಿಲ್ಲ. ಮುಲಾಜಿಗೆ ಕೊಂಡ ನೀವೂ ಓದಿಲ್ಲವೆಂದು ಬಲ್ಲೆ, ಇರಲಿ. ಇಂದು ನನ್ನ ಕ್ಷೌರದಂಗಡಿಗೆ ಹೆಡ್ಮಾಸ್ತರರು ಬಂದರು. ಮುಖಕ್ಕೆ ನೊರೆ ಬಳಿದ ಮೇಲೆ ಮನುಷ್ಯ ಎಲ್ಲಿಗೆ ಓಡಿಯಾನು? ಕತ್ತಿ ಆಡಿಸುತ್ತಲೇ ಮೊದಲ ಅಧ್ಯಾಯವನ್ನು ಅಬ್ಬರಿಸಿ ಹೇಳಿದೆ. ಕಳ್ಳ ನ್ಯಾಯಾಧೀಶರ ಮಂಚದಡಿ ಸೇರಿಕೊಂಡಲ್ಲಿಗೆ ಮಾತನ್ನೂ ಕತ್ತಿಯನ್ನೂ ನಿಲ್ಲಿಸಿಬಿಟ್ಟೆ.

"ಅಯ್ಯೋ ಮಹರಾಯ, ಸಿಕ್ಕಿಬಿದ್ನಾ ಇಲ್ವಾ?"

"ಅದು ಪುಸ್ತಕದಲ್ಲಿದೆ ಸಾರ್, ಫೋನ್ ತೆಗೀರಿ."

ಅಲ್ಲೇ ಕೊಂಡರು. ಓದುತ್ತ ಓದುತ್ತ, ಒಂದು ಕೆನ್ನೆಯ ನೊರೆಯ ಸಮೇತ ಎದ್ದು ಹೊರಟೇ ಹೋದರು!

ಅಕ್ಕಾ, ನೀನು ನಿಧಾನಕ್ಕೆ ಓದು, ಅವಸರವಿಲ್ಲ. ನಾಳೆ ಬೆಳಗ್ಗೆ ಶಾಲೆಯ ಗಂಟೆಗೆ ಮುಂಚೆ ಅವರ ಮನೆಗೇ ಹೋಗಿ ಉಳಿದ ಕೆನ್ನೆ ಬೋಳಿಸುತ್ತೇನೆ. ಓದು ಮಾತ್ರ ನಿಲ್ಲಿಸಗೊಡುವುದಿಲ್ಲ.

ಇಂತು,
ಓದುಗನುಳ್ಳ ನಿನ್ನ ತಮ್ಮ