ಯಾವೂರಾಯ್ತು, ಯಾರ ಪೈಕಿ

ಕೊಪ್ಪ
೧೪ ಸೆಪ್ಟೆಂಬರ್ ೨೦೨೪

ಮುದ್ದಿನ ಅರ್ಪಣಾಳಿಗೆ ಅಮ್ಮನ ಆಶೀರ್ವಾದ.

ಬೀದರಿನ ಬಿಸಿಲು ಒಗ್ಗಿತೇ? ಹೊಸ ಶಾಲೆಯ ಸ್ಟಾಫ್ ರೂಮಿನಲ್ಲಿ ಮೂಗಿಯ ಹಾಗೆ ಕೂರುತ್ತೇನೆ, ಗುರುತಿಲ್ಲದವರ ಜೊತೆ ಮಾತು ತೆಗೆಯುವುದು ಹೇಗೆ ಎಂದು ನೀನು ಕೇಳಿ ಎರಡು ತಿಂಗಳಾಯಿತು. ತಡವಾದದ್ದಕ್ಕೆ ಬೈಯಬೇಡ. ಫೋನಿನಲ್ಲಿ ಎರಡು ಸಲ ಹೇಳಹೊರಟು ಮಳೆಯ ಸುದ್ದಿ ಮಾತಾಡಿ ಇಟ್ಟುಬಿಟ್ಟೆ. ನನ್ನ ಬಾಯಿಯ ಮೇಲೆ ನನಗೇ ಸಿಟ್ಟು, ಅದಕ್ಕೇ ಈ ಕಾಗದ.

ನಮ್ಮ ಟೈಲರಿಂಗ್ ಅಂಗಡಿಯಲ್ಲಿ ಹೊಲಿಯುವ ಕಾವ್ಯಳನ್ನು ಅವಳ ಗಂಡ ಕಡಿದ. ಗಾಬರಿಯಾಗಬೇಡ, ಬದುಕಿದ್ದಾಳೆ. ಬಲಗೈಯ ಎರಡು ಬೆರಳು ಹೋದವು, ಭುಜಕ್ಕೆ ಹದಿನೇಳು ಹೊಲಿಗೆ.

ಕಡಹಿನಬೈಲಿನ ಆ ನಿತೀಶ್ ಹೊಡೆದು ಹೊಡೆದು ಕಿವಿಯ ತಮಟೆ ಒಡೆದ ಮೇಲೆ ಅವಳು ಓಡಿಬಂದು ಅಂಗಡಿಯ ಹಿಂದಿನ ಕೋಣೆ ಸೇರಿದ್ದಳು. ಯಾರಿಗೂ ಹೇಳಬಾರದೆಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದಳು. ಅವಳಿರುವ ಜಾಗ ಗೊತ್ತಿದ್ದದ್ದು ನನಗೆ, ಶೃಂಗೇರಿ ಕಡೆಯ ಅವಳ ತಾಯಿ ರಾಧಮ್ಮನಿಗೆ, ಇಬ್ಬರಿಗೇ.

ಈಗ ನೀನು ಕೇಳಿದ ಪಾಠ. ಹೊಸಬರು ಸಿಕ್ಕರೆ ಮೊದಲು ಊರು ಕೇಳು, ಆಮೇಲೆ ಯಾರ ಪೈಕಿ ಎಂದು ಕೇಳು. ಇಬ್ಬರಿಗೂ ಗೊತ್ತಿರುವ ಒಬ್ಬರು ಸಿಗುವ ತನಕ ಬಿಡಬೇಡ. ಸಿಕ್ಕರೆ ಅವರು ನಮ್ಮವರಾದ ಹಾಗೆ. ಮುತ್ತಿನಕೊಪ್ಪದಲ್ಲಿ ಮದುವೆ ರವಿಕೆ ಕೊಟ್ಟು ಬಸ್ಸಿನಲ್ಲಿ ಬರುವಾಗಲೂ ನಾನು ಮಾಡಿದ್ದು ಅದನ್ನೇ. ಎನ್.ಆರ್. ಪುರದಲ್ಲಿ ಹತ್ತಿದವನೊಬ್ಬ ಪಕ್ಕದಲ್ಲಿ ಕೂತ, ನನ್ನ ಚೀಲ ಎತ್ತಿ ಮೇಲಿಟ್ಟ. ಎಲೆಯಡಿಕೆ ಕೊಟ್ಟೆ.

"ಯಾವೂರಾಯ್ತು?" ಎಂದೆ.

"ಶೃಂಗೇರಿ ಕಡೆ ಅಕ್ಕ."

"ಹೌದಾ ಮಾರಾಯ. ನಮ್ಮ ಅಂಗಡೀಲೂ ಆ ಕಡೆ ಹುಡುಗಿ ಒಬ್ಳು ಇದ್ದಾಳೆ."

"ಯಾರು, ರಾಧಮ್ಮನ ಮಗಳು ಕಾವ್ಯನಾ? ನಮ್ಮ ದೊಡ್ಡಪ್ಪನ ಮನೆ ಆಚೆಗೇ ಅವ್ರ ಮನೆ. ಪಾಪ, ಎಲ್ಲಿದ್ದಾಳೋ ಎಂತದೋ ಅಂತ ಎಲ್ರಿಗೂ ಬೇಜಾರು."

ಗುರುತು ಹತ್ತಿತಲ್ಲ, ಹಿಗ್ಗಿಹೋದೆ. ಕೊಟ್ಟ ಭಾಷೆ ನೆನಪಿಗೇ ಬರಲಿಲ್ಲ. ಅಂಗಡಿ ಎಲ್ಲಿ, ಮಲಗುವುದೆಲ್ಲಿ, ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಅವಳೊಬ್ಬಳೇ ಇರುವುದು, ಎಲ್ಲ ಹೇಳಿದೆ. ಇಳಿಯುವಾಗ ಅವನು ಕೈಮುಗಿದ.

ಮೂರನೇ ದಿನ ಊಟಕ್ಕೆ ಹೊರಟವಳು ಕನ್ನಡಕ ಮರೆತು ಅರ್ಧ ದಾರಿಯಿಂದ ತಿರುಗಿದೆ. ಅಂಗಡಿಯೊಳಗೆ ಹಲಸು ಸೀಳಿದಂಥ ಸದ್ದು. ಬಸ್ಸಿನವನೇ, ಕೈಯಲ್ಲಿ ಕತ್ತಿ. ನಾನು ಮುಖ ಕಂಡಿರದ ನಿತೀಶ್ ಅವನೇ ಎಂದು ಆಗ ತಿಳಿಯಿತು. ಮೆಷಿನ್ನಿನ ಅಡಿಗೆ ನುಗ್ಗಿದ್ದ ಕಾವ್ಯಳನ್ನು ಕೂದಲು ಹಿಡಿದು ಎಳೆಯುತ್ತ, "ಹೊಲಿ, ಇನ್ನು ಹೆಂಗೆ ಹೊಲಿತೀಯ ನೋಡ್ತೀನಿ" ಎನ್ನುತ್ತಿದ್ದ. ಕತ್ತರಿಸಿಟ್ಟ ರವಿಕೆ ಬಟ್ಟೆಯ ಮೇಲೆ ಬೆರಳು ಬಿದ್ದಿತ್ತು. ಕಾದ ಇಸ್ತ್ರಿಪೆಟ್ಟಿಗೆ ಎತ್ತಿ ಅವನ ಕೆನ್ನೆಗೆ ಒತ್ತಿದೆ. ಚರ್ಮ ಸುಟ್ಟ ವಾಸನೆ ಬಂದರೂ ತೆಗೆಯಲಿಲ್ಲ. ಬಿದ್ದ ಮೇಲೂ ತಲೆಗೆ ಬಡಿದೆ.

ಎದುರಂಗಡಿಯ ಷಡಕ್ಷರಿ ಓಡಿಬಂದು, "ಬಿಡಿ ಸೀತಕ್ಕ, ಸತ್ತುಹೋಗ್ತಾನೆ" ಎಂದು ನನ್ನ ರಟ್ಟೆ ಹಿಡಿದು ಎಳೆದರು. ಸಾಯಲಿ ಎಂದೇ ಹೊಡೆದದ್ದು, ಮಗಳೇ. ಅದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ. ಅವನೀಗ ಜೈಲಿನಲ್ಲಿದ್ದಾನೆ.

ಊರೆಲ್ಲ ನನ್ನನ್ನು ಗಟ್ಟಿಗಿತ್ತಿ ಎಂದು ಹೊಗಳುತ್ತಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಿನಗೆ ಕಲಿಸಿದವಳು ನಾನೇ. ಆದರೂ ನೀನು ಬಾಯಿ ಮುಚ್ಚಿ ಕೂರಬೇಡ, ಹಾಗೆ ಬದುಕಲು ಆಗುವುದಿಲ್ಲ. ನಿನ್ನದನ್ನು ಎಷ್ಟು ಬೇಕಾದರೂ ಹೇಳಿಕೋ, ಇನ್ನೊಬ್ಬರದ್ದನ್ನು ಕೊಡಬೇಡ. ಆ ಊರಿನಲ್ಲೂ ನಿನ್ನನ್ನು ಊಟಕ್ಕೆ ಕರೆಯುವ ನಾಲ್ಕು ಮನೆ ಸಿಗಲಿ.

ಇಂತಿ ನಿನ್ನ ಅಮ್ಮ,
ಸೀತ

ತಾ.ಕ.: ಕಾವ್ಯ ಈಗ ನಮ್ಮ ಮನೆಯಲ್ಲೇ, ನಿನ್ನ ಕೋಣೆಯಲ್ಲಿದ್ದಾಳೆ. ಗಂಡನಿಗೆ ಜಾಗ ತೋರಿಸಿದ್ದು ತನ್ನ ತಾಯಿಯೇ ಎಂದು ನಂಬಿದ್ದಾಳೆ. ನಿನ್ನೆ ರಾಧಮ್ಮ ಗಂಜಿ ಮಾಡಿ ತಂದರೆ, ಎಡಗೈಯಲ್ಲಿ ಪಾತ್ರೆ ಎತ್ತಿ ಅವರ ಎದೆಗೇ ಎಸೆದಳು. ರಾಧಮ್ಮ ಜಗಲಿಗೆ ಬಂದು ಸೆರಗು ಒರೆಸಿಕೊಳ್ಳುತ್ತ, "ನಾನು ಯಾರಿಗೂ ಹೇಳಿಲ್ಲ ಸೀತಕ್ಕ. ನಿಮ್ಗೆ ಮಾತಾಡಕ್ಕೆ ಬರ್ತದೆ, ನೀವೇ ಅವ್ಳಿಗೆ ಒಂದು ಮಾತು ಹೇಳಿ" ಎಂದರು. ಹೇಳ್ತೇನೆ ಎಂದೆ. ಒಳಗೆ ಹೋಗಿ ಕಾವ್ಯಳಿಗೆ ಅನ್ನ ಕಲಸಿ ತಿನ್ನಿಸಿ, ಏನೂ ಹೇಳದೆ ತಟ್ಟೆ ತೊಳೆದಿಟ್ಟೆ.