ತೊಟ್ಟಿಲಿಗೆ ಡಬಲ್ ಬಾಸ್

ಏಪ್ರಿಲ್ ೨, ಬುಧವಾರ

ನೀರು ಬಂತು. ಬ್ಯಾರೆಲ್ ತುಂಬಿಸಿದೆ. ಅಕ್ಕ ಹನಮವ್ವ ರೊಟ್ಟಿ ಬಡಿಯುವ ಹೊತ್ತಿಗೆ ಬಾಸ್ ಗಿಟಾರಿನ ಧೂಳು ಒರೆಸಿ ಮತ್ತೆ ಗೂಟಕ್ಕೆ ಹಾಕಿದೆ. ದಿನಾ ಇಷ್ಟೇ. ನುಡಿಸುವುದಿಲ್ಲ. ಹೆಂಡತಿ ಅರುಣಾ ತೀರಿಕೊಂಡ ಮೇಲೆ ಸ್ಟೇಜ್ ಹತ್ತಿಲ್ಲ. ಹತ್ತಲು ಸ್ಟೇಜಾದರೂ ಎಲ್ಲಿದೆ? ಅಣ್ಣಿಗೇರಿಯ ನಮ್ಮ ಆರ್ಕೆಸ್ಟ್ರಾ ಮುಚ್ಚಿತು. ಈಗಿನವರು ಕೀಬೋರ್ಡಿನ ಎಡಗೈಯಲ್ಲೇ ಬಾಸ್ ಮುಗಿಸುತ್ತಾರೆ. ವೆರಿ ಎಫಿಶಿಯೆಂಟ್. ಇರಲಿ.

ಅಳ್ನಾವರದಿಂದ ಶಕೀಲನ ಫೋನ್. ಬಡಗಿ; ನಮ್ಮ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದ ಫರಹತ್‌ಳ ತಮ್ಮ. ಫರಹತ್‌ಳ ಮಗಳಿಗೆ ಹೆಣ್ಣು ಕೂಸಾಗಿದೆ. ಮೇ ನಾಲ್ಕಕ್ಕೆ ಕಲಘಟಗಿಯಲ್ಲಿ ತೊಟ್ಟಿಲು. ಅವರ ಮನೆತನದಲ್ಲಿ ಮೊದಲ ಜೋಗುಳ ತಾಯಿಯ ತಾಯಿಯೇ ಹಾಡಬೇಕು. ಫರಹತ್ ಒಲ್ಲೆ ಎನ್ನುತ್ತಾಳಂತೆ. ಗಂಟಲಿನ ಆಪರೇಷನ್ ಆದಾಗಿನಿಂದ ದನಿ ಕೆಳಗಿಳಿದಿದೆ, ಅಡುಗೆಮನೆಯಲ್ಲೂ ಗುನುಗುವುದಿಲ್ಲ. ಮೊಬೈಲಿನಲ್ಲಿ ಜೋಗುಳ ಹಚ್ಚಿದರಾಯಿತು ಎಂದಳಂತೆ. ಮಗಳು ಅತ್ತು ಮುಖ ಊದಿಸಿಕೊಂಡಿದ್ದಾಳೆ.

"ನೀವ ಹಿಂದ ನಿಂತ್ರ ಆಕಿ ಹಾಡತಾಳ್ರಿ ಅಣ್ಣಾ," ಎಂದ ಶಕೀಲ. "ಆದ್ರ ಆ ಕರೆಂಟಿನ ಡಬ್ಬಿ ತರಬ್ಯಾಡ್ರಿ. ಹಸಗೂಸು. ನನ್ನ ಕಡೆ ಒಂದ ಸಾಮಾನ ಬಂದೈತಿ, ಬಂದ ನೋಡ್ರಿ."

ಏಪ್ರಿಲ್ ೫, ಶನಿವಾರ

ಅಳ್ನಾವರಕ್ಕೆ ಹೋಗಿ ನೋಡಿದರೆ, ಡಬಲ್ ಬಾಸ್! ಗೋವಾದ ಯಾವುದೋ ಹಳೆಯ ಮನೆಯ ಕಪಾಟು, ಮಂಚಗಳ ಜೊತೆ ಬಂದಿತ್ತು. ನನಗಿಂತ ಎತ್ತರ. ಪಿಟೀಲಿನ ಮುತ್ತಜ್ಜಿ ಎನ್ನಬಹುದು. ಕರೆಂಟು ಬೇಡ, ಆಂಪ್ಲಿಫೈಯರ್ ಡಬ್ಬಿ ಬೇಡ. ತಂತಿ ಎಳೆದರೆ ಹೊಟ್ಟೆಯೇ ಮಾತಾಡುತ್ತದೆ. ಶಕೀಲ ಜಮಖಾನದಲ್ಲಿ ಸುತ್ತಿ ಬಸ್ಸಿನ ಹಿಂದಿನ ಸೀಟಿಗೆ ಒರಗಿಸಿ ಹೋದ.

ಕಂಡಕ್ಟರ್ ಬಂದು ನೋಡಿದ. "ಕಾಕಾ, ಇದು ಗಂಡೋ ಹೆಣ್ಣೋ?"

"ಯಾಕ್ರಿ?"

"ಹೆಣ್ಣಾದ್ರ ಫ್ರೀ ಐತ್ರಿ. ಆಧಾರ್ ತೋರಸ್ರಿ ಮತ್ತ."

"ಸೊಂಟ ನೋಡಿ ನೀವ ಹೇಳ್ರಿ," ಎಂದೆ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಇಷ್ಟು ಗಟ್ಟಿಯಾಗಿ ನಕ್ಕದ್ದು ಯಾವಾಗಲೋ...

ನಮ್ಮೂರು ಮೊರಬದಲ್ಲಿ ಇಳಿಸಿಕೊಂಡು ಮನೆಗೆ ತಂದರೆ ಹನಮವ್ವ ಬಾಗಿಲಲ್ಲೇ ತಡೆದಳು. "ಲೇ ಅಮೋಘಾ, ಯಾರ ಹೆಣಾ ಹೊತಗೊಂಡ ಬಂದೀಯೋ?"

ಏಪ್ರಿಲ್ ೮

ಬೆರಳು ಉರಿಯುತ್ತಿದೆ. ತಂತಿ ನಾಲ್ಕೇ, ಕ್ರಮವೂ ಗಿಟಾರಿನದೇ. ಆದರೆ ಗಿಟಾರಿನ ಕುತ್ತಿಗೆಗೆ ಲೋಹದ ಪಟ್ಟಿಗಳಿವೆ — ಮನೆ ನಂಬರ್ ಇದ್ದ ಹಾಗೆ, ಬೆರಳು ಅಲ್ಲಿಟ್ಟರೆ ಸ್ವರ ಮನೆಯಲ್ಲೇ ಇರುತ್ತದೆ. ಇಲ್ಲಿ ಬೋಳು. ಎರಿ ಹೊಲದಲ್ಲಿ ಬದು ಕಾಣದೆ ನಡೆದ ಹಾಗೆ. ಕೂದಲೆಳೆ ಸರಿದರೂ ಅಪಸ್ವರ. ಮೂವತ್ತು ವರ್ಷದ ಬಾಸ್ ಪ್ಲೇಯರ್ ಎಂಬ ಜಂಬ ಎಲ್ಲಿ ಹೋಯಿತು? ಪರೀಕ್ಷೆಯಲ್ಲಿ ಕೇಳುವ ಹಾಗೆ: ಎಕ್ಸ್‌ಪ್ಲೇನ್ ವಿತ್ ರೆಫರೆನ್ಸ್ ಟು ದಿ ಕಾಂಟೆಕ್ಸ್ಟ್!

ಫರಹತ್‌ಳ ತಾಯಿ ಹಾಡುತ್ತಿದ್ದ ಆ ಒಂದು ಜೋಗುಳ ಮಾತ್ರ ಕಲಿಯುವುದು ಎಂದು ಠರಾಯಿಸಿದ್ದೇನೆ. ಒಂದು ಹಾಡು, ಒಂದೇ ಜಾಗ. ಬೇರೆ ಶ್ರುತಿ ಕೇಳಿದರೆ ನನ್ನಿಂದ ಆಗದು.

ಇನ್ನೊಂದು ವಿಷಯ. ಇದನ್ನು ನಿಂತು, ಮೈಗೆ ಆನಿಸಿಕೊಂಡೇ ನುಡಿಸಬೇಕು. ಗಿಟಾರು ನನ್ನ ಹೆಗಲಿಗೆ ಜೋತುಬೀಳುತ್ತಿತ್ತು, ಇದು ಒರಗುತ್ತದೆ. ಒಂದು ಭಾರ ನಂಬಿ ಮೈಮೇಲೆ ಒರಗಿ ಬಹಳ ದಿನ ಆಗಿತ್ತು. ನುಡಿಸದೆ ಸುಮ್ಮನೆ ನಿಂತಿದ್ದೆ.

"ತೆಕ್ಕಿಬಡಕೊಂಡ ನಿಂದರೂದ ಆತೇನು? ನುಡಸು. ಬಾಜೂದವರು ನೋಡಿದ್ರ ನನಗ ಮಾರಿ ತೋರಸಾಕ ಬರಂಗಿಲ್ಲ," ಎಂದಳು ಹನಮವ್ವ.

ಏಪ್ರಿಲ್ ೧೨, ಶನಿವಾರ

ಕಲಘಟಗಿಗೆ ಹೋಗಿ ಬಂದೆ. ಬರಿಗೈಯಲ್ಲಿ — ಬಾಸ್ ಒಯ್ಯಲಿಲ್ಲ. ಫರಹತ್ ಬಡವಾಗಿದ್ದಾಳೆ. ಕೂಸು ಅವಳ ತೊಡೆಯ ಮೇಲೆ, ಕಡಲೆಕಾಳಿನಷ್ಟು ಮೂಗು.

ಮೊಬೈಲಿನಲ್ಲಿ ನಮ್ಮ ಹಳೆಯ ಶ್ರುತಿ ಹಚ್ಚಿ, "ಒಂದ ಸಾಲು ನೋಡವಾ," ಎಂದೆ. ನನ್ನ ಮಾತು ಮೀರುವವಳಲ್ಲ. ಹಾಡು ಎತ್ತಿಕೊಂಡಳು. ಅರ್ಧ ಸಾಲಿಗೆ ದನಿ ಸೀಳಿತು. ಕೂಸು ಬೆಚ್ಚಿ ಅತ್ತಿತು. ಅದನ್ನು ಮಗಳ ಕೈಗೆ ಕೊಟ್ಟು ಚಹಾ ಮಾಡಲು ಎದ್ದಳು.

ಒಲೆಯ ಮುಂದೆ, ಬೆನ್ನು ಮಾಡಿಯೇ ಹೇಳಿದಳು. "ನೋಡಿದ್ರಿಲ್ಲ ಅಣ್ಣಾ. ಗಂಡಸರ ದನಿ ಆಗೈತಿ ನಂದು. ಮಂದಿ ನಕ್ಕರ ನಗಲಿ, ಅದಕ್ಕ ಅಂಜಂಗಿಲ್ಲ ನಾ. ಕೂಸು ಅಂಜತೈತ್ರಿ. ನನ್ನ ಮೊಮ್ಮಗಳು ನನ್ನ ದನಿಗೆ ಅಂಜಬಾರದು."

ಚಹಾಕ್ಕೆ ಸಕ್ಕರೆ ಮರೆತಿದ್ದಳು. ಕುಡಿದೆ.

ಏಪ್ರಿಲ್ ೧೭

ಬಿಸಿಲೆಂದರೆ ಬಿಸಿಲು. ಹೊಲದಲ್ಲಿ ಕೈ ಹಿಡಿಸುವಷ್ಟು ಬಿರುಕು. ಬಾಸ್ ಒಳಗೆ ಎಲ್ಲೋ ಲಟಲಟ ಸದ್ದು. ಮರ ಒಣಗಿದೆ. ನಮ್ಮಪ್ಪ ಬೇಸಿಗೆಯಲ್ಲಿ ಗಾಡಿಯ ಗಾಲಿ ಸಡಿಲಾದರೆ ಕೆರೆಯಲ್ಲಿ ನೆನೆಹಾಕುತ್ತಿದ್ದ. ಮರ ನೀರು ಕುಡಿದು ಉಬ್ಬಿ ಬಿಗಿಯಾಗುತ್ತಿತ್ತು. ಕಾಮನ್ ಸೆನ್ಸ್. ಗೋಣಿಚೀಲ ತೋಯಿಸಿ ಸುತ್ತಲೂ ಕಟ್ಟಿದ್ದೇನೆ. ಮುಂಜಾನೆ ಸಂಜೆ ನೀರು ಚಿಮುಕಿಸುವುದು.

ಏಪ್ರಿಲ್ ೧೯

ಬಾಸಿನ ಬೆನ್ನು ಬಿಟ್ಟಿದೆ. ಹಲಗೆ ಒಂದು ಕಡೆ ಪೂರ್ತಿ ಬಾಯಿ ತೆರೆದಿದೆ. ಅಂಟು ಹಾಲಿನಂತೆ ಇಳಿದಿದೆ.

ಶಕೀಲನಿಗೆ ಫೋನ್ ಮಾಡಿದೆ.

ಏಪ್ರಿಲ್ ೨೩, ಬುಧವಾರ

ಶಕೀಲ ಬಂದ. ನೋಡಿದ. ಗೋಣಿಚೀಲ ನೋಡಿದ. ಹನಮವ್ವನನ್ನು ನೋಡಿದ.

"ನನ್ನ ಕಡೆ ಯಾಕ ನೋಡತಿ? ನಾ ಅಲ್ಲಪಾ ನೀರ ಕುಡಿಸಿದಾಕಿ," ಎಂದಳು.

"ಅಣ್ಣಾ, ಗಾಡಿ ಗಾಲಿ ತಿಳದ್ರೇನು ಇದನ್ನ? ಗಾಲೀನ ಕಬ್ಬಣದ ಹಳಿ ಹಿಡದಿರತೈತ್ರಿ. ಇದನ್ನ ಹಿಡದಿದ್ದು ಬರೇ ಸರೇಸಿನ ಅಂಟು. ನೀರ ಬಿತ್ತಂದ್ರ ಮುಗೀತು." ಬೈಯಬೇಕಿತ್ತು. ನಕ್ಕುಬಿಟ್ಟ. ಅದೇ ಹೆಚ್ಚು ನೋವಾಯಿತು.

ಸರೇಸು ಕಾಸಿ ಅಂಟಿಸಿ, ಸೈಕಲ್ ಟ್ಯೂಬು ಸೀಳಿ ಸುತ್ತಲೂ ಬಿಗಿದು ಹೋಗಿದ್ದಾನೆ. ಎರಡು ದಿನ ಮುಟ್ಟಬಾರದು. ಆಮೇಲೂ ತಂತಿಗಳನ್ನು ಮೊದಲಿನ ಬಿಗುವಿಗೆ ಏರಿಸಕೂಡದು; ಏರಿಸಿದರೆ ಬೆನ್ನು ಮತ್ತೆ ಬಿಡುತ್ತದೆ. "ಹಿಂಗ ಡೀಲಾನ ಇರಲಿ," ಎಂದ.

ತಂತಿ ಡೀಲಾ, ಸಡಿಲ ಎಂದರೆ ಎಲ್ಲ ಸ್ವರಗಳೂ ಮೂರು ನಾಲ್ಕು ಮೆಟ್ಟಿಲು ಕೆಳಗೆ. ನಾನು ಕಲಿತದ್ದು ಒಂದೇ ಜಾಗ. ಬೆರಳು ಅಲ್ಲೇ ಇಟ್ಟರೆ ಇಡೀ ಹಾಡು ಕೆಳಗಿಳಿದು ಬರುತ್ತದೆ. ಫರಹತ್‌ಳ ಹಳೆಯ ಶ್ರುತಿಗೆ ಇನ್ನು ನನ್ನಿಂದ ಏರಲಾಗದು. ತೊಟ್ಟಿಲಿಗೆ ಹನ್ನೊಂದೇ ದಿನ. ಅರುಣಾ ಇದ್ದಿದ್ದರೆ "ಮೊದಲ ಕೇಳಬೇಕಾಗಿತ್ತ್ರೀ" ಎಂದು ಅಷ್ಟೇ ಹೇಳಿ ತಲೆಗೆ ಎಣ್ಣೆ ಹಚ್ಚುತ್ತಿದ್ದಳು.

ಏಪ್ರಿಲ್ ೨೭, ರವಿವಾರ

ಫರಹತ್ ಬಂದಿದ್ದಳು. ಬಾಣಂತಿಯನ್ನು ಬಿಟ್ಟು ಮೊರಬದವರೆಗೆ! ಫೋನಿನಲ್ಲಿ ಹೇಳಿದರೆ ನನಗೆ ಬೇಜಾರಾಗುತ್ತದೆ ಎಂದು ಎದುರಿಗೇ 'ಇಲ್ಲ' ಹೇಳಲು ಬಂದದ್ದು. ಮೊಬೈಲೇ ಹಚ್ಚುತ್ತಾರಂತೆ. ನಾನು ಊಟಕ್ಕೆ ಮಾತ್ರ ಬರಬೇಕಂತೆ.

ಹನಮವ್ವ ಅವಳ ಮುಂದೆ ಮೆಂತೆ ಸೊಪ್ಪು ಸುರಿದಳು. "ಇಲ್ಲ ಅನ್ನೂದು ಆತಲ್ಲ, ಇನ್ನ ಕುಂತ ಸೋಸು."

ನಾನು ಬಾಸ್ ಎತ್ತಿ ನಿಲ್ಲಿಸಿದೆ. ಕಲಿತದ್ದನ್ನು ಒಬ್ಬರಾದರೂ ಕೇಳಲಿ ಎಂದು, ಬೇರೇನೂ ಅಲ್ಲ. "ಮ್ಯಾಲ ಬರಂಗಿಲ್ಲವಾ ಇದು. ಇಷ್ಟ ಕೆಳಗ," ಎಂದೆ. ನುಡಿಸಿದೆ. ಸೊಪ್ಪಿನ ಮೇಲೆ ಅವಳ ಕೈ ನಡೆದೇ ಇತ್ತು. ಎರಡನೆಯ ಸಾಲಿನ ತಿರುವಿನಲ್ಲಿ ನಿಂತಿತು.

"ಅಣ್ಣಾ, ಅಲ್ಲಿ ತಪ್ಪೈತ್ರಿ."

ಮತ್ತೆ ನುಡಿಸಿದೆ. ಮತ್ತೆ ತಪ್ಪು. ಬೋಳು ಕುತ್ತಿಗೆ, ಬೆರಳು ಜಾರುತ್ತದೆ.

"ಅಲ್ಲ ಅಲ್ಲ. ಜಾರಬ್ಯಾಡ್ರಿ. ಹಿಂಗ..." ಎಂದು ಹಾಡಿ ತೋರಿಸಿದಳು.

ಸೀಳಲಿಲ್ಲ. ಆ ದನಿ ಅಷ್ಟು ಕೆಳಗೆ ಆರಾಮಾಗಿ ಕೂತಿತ್ತು — ಬೆಳಗಿನಿಂದ ನಿಂತವರು ನೆಲಕ್ಕೆ ಕೂತ ಹಾಗೆ. ಇಷ್ಟು ದಿನ ನಾವೆಲ್ಲ ಅವಳನ್ನು ಹಳೆಯ ಶ್ರುತಿಯ ಮಾಳಿಗೆಯ ಮೇಲೇ ಹುಡುಕುತ್ತಿದ್ದೆವು. ನಾನೂ. ಮುಖ್ಯವಾಗಿ ನಾನೇ.

ಮೂರನೆಯ ಸಲವೂ ತಪ್ಪಿದೆ. ಆ ಮೂರನೆಯದು ಬೇಕೆಂದೇ ಮಾಡಿದ್ದು. ಇಲ್ಲಿ ಮಾತ್ರ ಬರೆಯುತ್ತೇನೆ. ಅವಳು ಸಿಟ್ಟಿನಿಂದ ಪೂರ್ತಿ ಸಾಲು ಹಾಡಿದಳು. ಆಮೇಲೆ ತಾನು ಮಾಡಿದ್ದು ಗೊತ್ತಾಗಿ ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಹನಮವ್ವ ದಂಟು ಮುರಿಯುತ್ತ, "ಇದಕ್ಕ ಗಂಡಸರ ದನಿ ಅಂತೀ? ನನ್ನ ಗಂಡಗ ಇಂಥಾ ದನಿ ಇದ್ದಿದ್ರ ಒಂದ ದಿನಾನೂ ಜಗಳಾಡತಿದ್ದಿಲ್ಲ ನೋಡು."

ಫರಹತ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಹೋಗುವಾಗ ಅಂದಳು: "ಬರ್ರಿ, ಅದನ್ನ ತಗೊಂಡ. ಆದ್ರ ಕೂಸು ಅತ್ತರ ನಾ ಹಾಡೂದ ನಿಂದರಸತೇನಿ. ಆಮ್ಯಾಲ ಯಾರೂ ನನಗ ಹಾಡು ಅನಬಾರದು. ನೀವೂ."

ಒಪ್ಪಿದೆ.

ಮೇ ೪, ಮುಂಜಾನೆ ಆರು

ಇಸ್ತ್ರಿ ಅಂಗಿ. ಶಕೀಲ ಟೆಂಪೋ ತರುತ್ತಾನೆ. ಆರ್ಕೆಸ್ಟ್ರಾದ ಕಾಲದಲ್ಲಿ 'ಪ್ರೋಗ್ರಾಮ್' ಎನ್ನುತ್ತಿದ್ದೆವು, ಈಗಿನವರು 'ಗಿಗ್' ಎನ್ನುತ್ತಾರೆ. ಡಬಲ್ ಬಾಸಿನ ಮೇಲೆ ಮೈ ಫಸ್ಟ್ ಗಿಗ್ — ಕೇಳುವವಳಿಗೆ ನಲವತ್ತು ದಿನ. ಅಳದಿದ್ದರೆ ಸಾಕು.

ಮೇ ೫, ಸೋಮವಾರ

ಮೈಯೆಲ್ಲ ನೋವು. ಬರೆಯಬೇಕು, ಮರೆಯುವುದರೊಳಗೆ.

ತೊಟ್ಟಿಲಿನ ಕೋಣೆಯಲ್ಲಿ ಬರೀ ಹೆಂಗಸರು. ಗಂಡಸರು ಹೊರಗೆ. ನನಗೆ ಬಾಗಿಲ ಹೊಸ್ತಿಲ ಈಚೆ ಜಾಗ, ನಡುವೆ ಪಡದೆ. ಫರಹತ್ ಕಾಣುವುದಿಲ್ಲ, ತೊಟ್ಟಿಲು ಕಾಣುವುದಿಲ್ಲ. ನಮ್ಮ ಮನೆಯ ಮಣ್ಣಿನ ನೆಲದಲ್ಲಿ ಬಾಸಿನ ಕಾಲು ಊರಿ ನಿಲ್ಲುತ್ತಿತ್ತು. ಅಲ್ಲಿ ಟೈಲ್ಸ್, ಸರ್ರನೆ ಜಾರಿತು. ಹನಮವ್ವ ತನ್ನ ಟವೆಲ್ಲನ್ನೇ ಸಿಂಬಿ ಸುತ್ತಿ ಕೆಳಗಿಟ್ಟಳು. ನಿಂತಿತು.

ಹೆಸರಿಟ್ಟರು — ಮರಿಯಮಬಿ. ಫರಹತ್‌ಳ ತಾಯಿಯ ಹೆಸರು. ತೊಟ್ಟಿಲಿಗೆ ಹಾಕಿದರು. ನಾನು ಶುರು ಮಾಡಿದೆ. ಫರಹತ್ ಹಾಡು ಎತ್ತಿಕೊಂಡಳು.

ಮೊದಲ ಸಾಲು ಮುಗಿದಿಲ್ಲ, ಕೂಸು ಅತ್ತಿತು. ಜೋರಾಗಿ.

ಫರಹತ್ ಹಾಡು ನಿಲ್ಲಿಸಿದಳು.

ಒಳಗೆ ಪಿಸುಪಿಸು. ಯಾರೋ ಮುದುಕಿ, "ಹೋಗ್ಲಿ ಬಿಡವಾ, ಮೊಬೈಲ್ ಹಚ್ಚ್ರಿ," ಎಂದಳು. ನಾನೂ ನಿಲ್ಲಿಸಬೇಕಿತ್ತು, ಒಪ್ಪಿಕೊಂಡಿದ್ದೆನಲ್ಲ. ಆದರೆ ಆರ್ಕೆಸ್ಟ್ರಾದ ಕೈ ಇದು. ಹಾಡುವವರು ಸಾಲು ಮರೆತರೂ, ಕೆಮ್ಮಿದರೂ, ಬಾಸ್ ನಿಲ್ಲಕೂಡದು. ಅವರು ಮರಳಿ ಬರಲು ದಾರಿ ಇರಬೇಕು. ಅದೇ ನಾಲ್ಕು ಸ್ವರ ಸುತ್ತುತ್ತಾ ಇದ್ದೆ. ಮೆತ್ತಗೆ. ಪಡದೆ ನೋಡುತ್ತಾ.

ಎಷ್ಟು ಸುತ್ತೋ. ಫರಹತ್ ಮರಳಿ ಬಂದಳು. ಹಾಡುತ್ತಾ ಅಲ್ಲ, ಮೊದಲು ಬರೀ ಹ್ಞೂಂಕಾರ, ಬಾಸಿನ ಮಗ್ಗುಲಿಗೇ. ಆಮೇಲೆ ಮಾತು.

ಅಜ್ಜಿ ತೂಗ್ಯಾಳ, ಮುತ್ತಜ್ಜಿ ತೂಗ್ಯಾಳ...

ಅಳು ಬಿಕ್ಕಾಯಿತು. ಬಿಕ್ಕು ನಿಂತಿತು. ಒಳಗೆ ಬಳೆಯ ಸದ್ದೂ ಇಲ್ಲ.

ಜೋಗುಳದಲ್ಲಿ ಬಂಧುಗಳ ಹೆಸರೆಲ್ಲ ಒಂದೊಂದಾಗಿ ಬರಬೇಕು. ಇದ್ದವರದು ಮುಗಿಯಿತು. ಆಕೆ ನಿಲ್ಲಲಿಲ್ಲ. "ಅರುಣಾ ಅತ್ತಿ ತೂಗ್ಯಾಳ," ಎಂದಳು. ಬೆರಳು ಎಲ್ಲಿತ್ತೋ. ಖಂಡಿತ ತಪ್ಪಿದೆ ಅಲ್ಲಿ. ಆಕೆ ತಿದ್ದಲಿಲ್ಲ.

ಹಾಡು ಮುಗಿಸಿ ಕೈ ತೆಗೆದೆ. ತಕ್ಷಣ ಒಳಗೆ ಕುಂಯ್ ಎಂದಿತು. ಪಡದೆಯ ಸಂದಿನಿಂದ ಬಾಣಂತಿಯ ಮುಖ, ಪಿಸುದನಿ: "ಮಾಮಾ, ನಿಲ್ಲಸಬ್ಯಾಡ್ರಿ! ಕಣ್ಣ ತಗೀಲಿಕ್ಹತ್ತಾಳ!"

ಮತ್ತೆ ಶುರು. ಮಂದಿಯೆಲ್ಲ ಪಾಳಿಯ ಮೇಲೆ ಉಂಡು ಬಂದರು. ನಾನು, ಫರಹತ್, ಅದೇ ಹಾಡು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೊಡೆಯಹೋದ ಶಕೀಲನಿಗೆ ಹನಮವ್ವನಿಂದ ಏಟು ಬಿತ್ತು. ಇಷ್ಟು ಒಳ್ಳೆಯ ಆಡಿಯನ್ಸ್ ಆರ್ಕೆಸ್ಟ್ರಾದಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ.

ಮೇ ೯, ಶುಕ್ರವಾರ, ಸಂಜೆ

ಫರಹತ್‌ಳ ಫೋನ್. ದೇವಿಕೊಪ್ಪದಲ್ಲಿ ಯಾರದೋ ತೊಟ್ಟಿಲಂತೆ, ರವಿವಾರ. ಕರೆದಿದ್ದಾರೆ. ನನ್ನನ್ನು ಕೇಳುವ ಮೊದಲೇ ಹೂಂ ಅಂದಿದ್ದಾಳೆ.

"ನನ್ನ ಕೇಳಬೇಕಿಲ್ಲೇನವಾ?"

"ನೀವೇನ ಒಲ್ಲೆ ಅಂತಿದ್ರೇನ್ರಿ? ಅವರದು ಬ್ಯಾರೆ ಹಾಡು. ಬರಕೋರಿ, ಹಾಡತೇನಿ."

ಬೇರೆ ಹಾಡು ಎಂದರೆ ಬೇರೆ ಜಾಗ. ನನಗೆ ಬರುವುದು ಒಂದೇ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹಾಡತೊಡಗಿದಳು. ಫೋನ್ ಕಿಟಕಿಯಲ್ಲಿ ಒರಗಿಸಿದ್ದೇನೆ. ಒಂದು ಕೈ ಬಾಸಿನ ಕುತ್ತಿಗೆಯ ಮೇಲೆ, ಒಂದು ಕೈ ಇಲ್ಲಿ. ಮೊದಲ ಸ್ವರ ಸಿಕ್ಕಿತು. ಎರಡನೆಯದು ಇನ್ನೂ ಸ್ವಲ್ಪ ಕೆಳಗೆ... ಇರು, ಪೆನ್ ಇಟ್ಟು ಎರಡೂ ಕೈ...