ಒಡಪಿನೊಳಗಿನ ಹೆಸರು

ಫೆಲ್ಥಮ್, ಮಿಡ್ಲ್‌ಸೆಕ್ಸ್
೨೩ ನವೆಂಬರ್ ೨೦೦೩, ರವಿವಾರ

ಪ್ರೀತಿಯ ಗುರುದೇವಿ,

ಮೊದಲು ಬಾಯಿತುಂಬ ಬೈದುಬಿಡು, ಆಮೇಲೆ ಓದು. ದಸರೆಗೆ ಮುಂಚೆ ಬಂದ ನಿನ್ನ ಪತ್ರಕ್ಕೆ ದೀಪಾವಳಿ ಮುಗಿದು ತಿಂಗಳಾಗುತ್ತ ಬಂದಾಗ ಉತ್ತರ ಬರೆಯುತ್ತಿದ್ದೇನೆ. ಇಟಲಿಯ ಐದು ಊರುಗಳಿಂದ ಐದು ಚಿತ್ರದ ಕಾರ್ಡು ಹಾಕುತ್ತೇನೆಂದು ಫೋನಿನಲ್ಲಿ ಜಂಬ ಕೊಚ್ಚಿದವಳು ಒಂದನ್ನೂ ಹಾಕಲಿಲ್ಲ. ಕೊಂಡದ್ದು ಮೂರು. ಮೂರೂ ಅಡುಗೆಮನೆಯ ಡ್ರಾಯರಿನಲ್ಲಿ ಚಮಚಗಳ ಕೆಳಗೆ ಬಿದ್ದಿವೆ.

ಫೋನ್ ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನನಗೆ ಅಳು ಬರುತ್ತದೆ, ನಮ್ಮವರು ಇಡೀ ದಿನ ಎದುರಿಗೇ ಇರುತ್ತಾರೆ. ಈಗಲೂ ಅವರು ಕಿಟಕಿಯ ಪಕ್ಕದ ಸೋಫಾದಲ್ಲಿ, ನಾನು ಎದುರಿನ ಕುರ್ಚಿಯಲ್ಲಿ. ಮನೆಯ ಮೇಲೆ ಎರಡು ನಿಮಿಷಕ್ಕೊಂದು ವಿಮಾನ ಇಳಿಯುತ್ತದೆ. ಅವರು ಪ್ರತಿಯೊಂದಕ್ಕೂ ತಲೆ ಎತ್ತಿ ನೋಡಿ, ಇದು ನಮ್ಮದಲ್ಲ ಎಂದು ತಲೆ ಅಲ್ಲಾಡಿಸುತ್ತಾರೆ.

ನಿನಗೆ ಗೊತ್ತಿರುವ ಹಾಗೆ ಇಟಲಿ ಪ್ರವಾಸ ಅವರ ಹಳೆಯ ಸಾಲದ ಮಾತು. ಇಪ್ಪತ್ತೆಂಟು ವರ್ಷ ಮುದುಕರ ವಾರ್ಡಿನ ಡಾಕ್ಟರಾಗಿ ದುಡಿದರು. ಸಿಕ್ಕ ರಜೆಯೆಲ್ಲ ಧಾರವಾಡಕ್ಕೆ, ಯಾರದೋ ಮದುವೆಗೆ, ಯಾರದೋ ಶ್ರಾದ್ಧಕ್ಕೆ. ನಾನು ಮುಖ ಊದಿಸಿಕೊಂಡಾಗಲೆಲ್ಲ ರಿಟೈರ್ ಆದ ಮೇಲೆ ಇಟಲಿ ತೋರಿಸುತ್ತೇನೆ, ರೈಲಿನಲ್ಲಿ, ಊರೂರು ತಿನ್ನುತ್ತ ಎನ್ನುವರು. ರಿಟೈರ್ ಆದ ವರ್ಷ ಲೈಬ್ರರಿಯಿಂದ ಪುಸ್ತಕ ತಂದು, ಒಂದು ನೋಟ್‌ಬುಕ್ಕಿನಲ್ಲಿ ರೈಲಿನ ವೇಳೆ, ನೋಡುವ ಗುಡಿಗುಂಡಾರ, ಯಾವ ಊರಲ್ಲಿ ನಾವು ತಿನ್ನಬಹುದಾದದ್ದು ಏನು, ಎಲ್ಲ ಬರೆದರು. ನಮ್ಮ ಮಾಧವ ಕ್ಯಾನರಿ ವಾರ್ಫ್‌ನ ಬ್ಯಾಂಕಿನಿಂದ ಫೋನ್ ಮಾಡಿ, ಅಪ್ಪ ಈ ವಯಸ್ಸಿನಲ್ಲಿ ಸುಮ್ಮನೆ ಬಸ್ಸಿನ ಟೂರ್ ಹಿಡಿಯಬಾರದೇ ಎಂದ. ನಾನು ಕನ್ನಡದಲ್ಲಿ ಬೈದೆ, ಅವನು ಇಂಗ್ಲಿಷಿನಲ್ಲಿ ಸಾರಿ ಎಂದ. ನಮ್ಮ ಮಾತುಕತೆ ಎಂದರೆ ಅಷ್ಟೇ.

ಹೊರಡುವ ಮೊದಲೇ ಒಂದೆರಡು ಸಂಗತಿ ನಡೆದಿದ್ದವು. ತಿಂಗಳಿಗೊಮ್ಮೆ ಬೇಳೆಕಾಳಿಗೆ ಪಾರ್ಕ್ ರಾಯಲ್‌ನ ಸಗಟು ಅಂಗಡಿಗೆ ಹೋಗುತ್ತೇವೆ, ಇಪ್ಪತ್ತು ವರ್ಷದ ದಾರಿ. ಬೇಸಿಗೆಯಲ್ಲಿ ಎರಡು ಸಲ ಅವರು ದಾರಿ ತಪ್ಪಿ ಎಲ್ಲೆಲ್ಲೋ ಸುತ್ತಿಸಿದರು. ಕೆಲಸವಿಲ್ಲದ ಗಂಡಸಿನ ತಲೆ ಮಂಕಾಗುತ್ತದೆ ಎಂದು ನಾನು ಚೇಷ್ಟೆ ಮಾಡಿ ನಕ್ಕೆ. ಆ ನಗು ಈಗ ನನಗೆ ಚುಚ್ಚುತ್ತದೆ.

ಸೆಪ್ಟೆಂಬರಿನಲ್ಲಿ ಹೊರಟೆವು. ವೆನಿಸ್‌ನಲ್ಲಿ ನೀನು ಕ್ಯಾಲೆಂಡರಿನಲ್ಲಿ ನೋಡಿದ ನೀರು, ಸೇತುವೆ, ಪಾರಿವಾಳ ಎಲ್ಲ ಇವೆ, ಜೊತೆಗೆ ಕ್ಯಾಲೆಂಡರಿನಲ್ಲಿ ಬಾರದ ನಾತವೂ ಇದೆ. ಮೊದಲ ಮಧ್ಯಾಹ್ನ ಒಂದು ಸಣ್ಣ ಖಾನಾವಳಿಗೆ ಹೋದೆವು. ಪೊಲೆಂಟಾ ಎಂದು ತಂದಿಟ್ಟರು. ಮೆಕ್ಕೆಜೋಳದ ಹಿಟ್ಟು ಕುದಿಸಿ ಗಟ್ಟಿ ಮಾಡಿದ್ದು, ಥೇಟ್ ನಮ್ಮ ಜೋಳದ ನುಚ್ಚು. ನಮ್ಮವರು ಎರಡು ತುತ್ತು ತಿಂದು, ಬಡಿಸುವ ಹುಡುಗಿಯನ್ನು ಕರೆದು, ಅಚ್ಚ ಧಾರವಾಡದ ಮಾತಿನಲ್ಲಿ ಮಜ್ಜಿಗೆ ಎಲ್ಲಿ ಎಂದು ಕೇಳಿದರು. ನಾನು ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ. ಅವ್ವ ಎಂದಾದರೂ ಮಜ್ಜಿಗೆ ಇಲ್ಲದೆ ನುಚ್ಚು ಬಡಿಸಿದ್ದುಂಟೇ ಎಂದು ಮುಖ ಸಣ್ಣದು ಮಾಡಿಕೊಂಡು ಕೂತರು. ನಮ್ಮ ಅತ್ತೆ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು.

ಬೊಲೋನ್ಯಾ ತಿನ್ನುವವರ ಊರು. ಅಂಗಡಿಗಳ ಮುಂದೆ ತೂಗುಬಿಟ್ಟ ಹಂದಿತೊಡೆಗಳನ್ನು ಕಂಡು ನಾನು ಸೆರಗು ಮೂಗಿಗೆ ಹಿಡಿದೇ ನಡೆದೆ. ಆದರೆ ನೋಟ್‌ಬುಕ್ಕಿನಲ್ಲಿ ಬರೆದಂತೆಯೇ ಕುಂಬಳಕಾಯಿ ಹೂರಣದ ಪಾಸ್ತಾ ಸಿಕ್ಕಿತು, ಸಿಹಿ ಕಡುಬಿಗೆ ಬೆಣ್ಣೆ ಸುರಿದ ಹಾಗೆ. ನೀನಿದ್ದಿದ್ದರೆ ಎರಡು ತಟ್ಟೆ ತಿನ್ನುತ್ತಿದ್ದೆ. ಅಂದು ಅವರು ಸರಿಯಾಗಿದ್ದರು. ಕಮಾನುಗಳ ಕೆಳಗೆ ನಡೆಯುತ್ತ ಊರಿನ ಇತಿಹಾಸವನ್ನೆಲ್ಲ ಹೇಳಿದರು. ನನ್ನ ಮನಸ್ಸು ಹಗುರಾಯಿತು.

ಮರುದಿನ ಫ್ಲಾರೆನ್ಸ್‌ಗೆ ರೈಲು. ಅಲ್ಲಿ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಹಳದಿ ಡಬ್ಬಿಯಲ್ಲಿ ಟಿಕೆಟ್ಟಿಗೆ ಮುದ್ರೆ ಒತ್ತಿಸಬೇಕು. ಅವರು ಒತ್ತಿಸಿದರು, ಹತ್ತು ಹೆಜ್ಜೆ ಬಂದರು, ನಿಂತರು, ಹಿಂದಿರುಗಿ ಮತ್ತೆ ಒತ್ತಿಸಿದರು. ಹೀಗೆ ಐದು ಸಲ. ನಾನು ಬೇಡವೆಂದರೆ ರೇಗಿದರು. ರೈಲಿನಲ್ಲಿ ಟಿಕೆಟ್ ನೋಡುವವನು ಒಂದರ ಮೇಲೊಂದು ಬಿದ್ದ ಐದು ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿ, ಇಷ್ಟು ಪ್ರಾಮಾಣಿಕರನ್ನು ಕಂಡೇ ಇಲ್ಲ ಎನ್ನುವಂತೆ ನಕ್ಕು ಮುಂದೆ ಹೋದ. ಅವನ ಜೊತೆ ನಗಲು ನನ್ನಿಂದ ಆಗಲಿಲ್ಲ.

ಫ್ಲಾರೆನ್ಸ್‌ನಲ್ಲಿ ಎರಡು ದಿನ ದೊಡ್ಡ ಗುಮ್ಮಟದ ಇಗರ್ಜಿ ನೋಡಿದೆವು, ಒಣಬ್ರೆಡ್ಡು ಹಾಕಿ ಕುದಿಸಿದ ಸೊಪ್ಪು-ಕಾಳಿನ ಸಾರು ಉಂಡೆವು. ಕಟಕರೊಟ್ಟಿಯನ್ನು ಪಲ್ಯದಲ್ಲಿ ನೆನೆಸಿ ಉಂಡ ಹಾಗಿತ್ತು. ಮೂರನೆಯ ದಿನ ಬೆಳಿಗ್ಗೆ ರೋಮಿಗೆ ಹೋಗಬೇಕು. ಸ್ಟೇಷನ್ನಿನ ಬೆಂಚಿನ ಮೇಲೆ ಅವರನ್ನು ಎರಡು ಸೂಟ್‌ಕೇಸಿನ ಜೊತೆ ಕೂರಿಸಿ, ಏಳಬೇಡಿ ಎಂದು ಎರಡೆರಡು ಸಲ ಹೇಳಿ, ನಾನು ಬಾತ್‌ರೂಮಿಗೆ ಹೋಗಿ ಬಂದೆ. ಸೂಟ್‌ಕೇಸು ಇದ್ದವು. ಅವರಿರಲಿಲ್ಲ. ಪಾಸ್‌ಪೋರ್ಟು, ಟಿಕೆಟ್ಟು, ಹೋಟೆಲಿನ ಚೀಟಿ ಎಲ್ಲ ಅವರ ಹೆಗಲಚೀಲದಲ್ಲಿ.

ನೀನೇ ಹೇಳು ಗುರುದೇವಿ, ನಾನು ಏನೆಂದು ಕೂಗಲಿ? ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಅವರನ್ನು ಹೆಸರು ಹಿಡಿದು ಕರೆದವಳಲ್ಲ. ಮನೆಯಲ್ಲಿ ‘ರೀ’, ನೆರೆಯವರ ಮುಂದೆ ‘ಮೈ ಹಸ್ಬೆಂಡ್’, ಆಸ್ಪತ್ರೆಗೆ ಫೋನ್ ಮಾಡಿದರೆ ‘ಡಾಕ್ಟರ್ ನಾಡಗೀರ’. ಮಾಧವ ಸಣ್ಣವನಿದ್ದಾಗ ಶಾಲೆಯ ಹಾಳೆಯಲ್ಲಿ ಅಪ್ಪನ ಹೆಸರು ‘ರೀ’ ಎಂದು ಬರೆದು ಬಂದದ್ದನ್ನು ನಿನಗೆ ಬರೆದಿದ್ದೆ. ಆ ಊರಿನಲ್ಲಿಯೂ ನನ್ನ ಬಾಯಿಗೆ ಬಂದದ್ದು ಅದೇ. ಪ್ಲಾಟ್‌ಫಾರ್ಮಿನ ಉದ್ದಕ್ಕೂ ‘ರೀ, ರೀ’ ಎಂದು ಕೂಗುತ್ತ ಓಡಿದೆ. ಇಡೀ ಸ್ಟೇಷನ್ನು ತಿರುಗಿ ನೋಡಿತು, ಅವರೊಬ್ಬರನ್ನು ಬಿಟ್ಟು.

ವಿಚಾರಣೆಯ ಕೋಣೆಯಲ್ಲಿ ಒಬ್ಬ ಹೆಂಗಸಿದ್ದಳು, ಒಳ್ಳೆಯವಳು. ಹೆಸರು ಕೇಳಿದಳು. ಬರೆಯಲು ನನಗೇನೂ ತಡೆಯಿಲ್ಲ, ಬರೆದುಕೊಟ್ಟೆ. ಅವಳು ಮೈಕಿನಲ್ಲಿ ಓದಿದಾಗ ಅದು ಯಾವುದೋ ಪಾಸ್ತಾದ ಹೆಸರಿನಂತೆ ಕೇಳಿಸಿತು. ಹತ್ತು ನಿಮಿಷ ಕಾದು ಮತ್ತೆ ಓದಿದಳು. ಯಾರೂ ಬರಲಿಲ್ಲ. ಆಗ ಮೈಕನ್ನು ನನ್ನ ಕಡೆ ತಳ್ಳಿ, ನೀವೇ ಕರೆಯಿರಿ, ನಿಮ್ಮ ದನಿಗೆ ಬರುತ್ತಾರೆ ಎಂದು ಸನ್ನೆ ಮಾಡಿದಳು.

ಬಾಯಿ ತೆರೆದೆ. ಹೆಸರು ಹೊರಡಲೊಲ್ಲದು. ಕೊನೆಗೆ ಬಂದದ್ದು ನೀನು ಕಟ್ಟಿಕೊಟ್ಟ ಒಡಪು. ಮದುವೆಯ ಸಂಜೆ ನೀವೆಲ್ಲ ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಎಂದು ಹಟ ಹಿಡಿದಿರಲ್ಲ, ಒಡಪಿನಲ್ಲಿ ಸೇರಿಸಿ ಹೇಳಿದರೆ ದೋಷವಿಲ್ಲ ಎಂದು ನೀನೇ ನನ್ನ ಕಿವಿಯಲ್ಲಿ ಊದಿದ್ದೆಯಲ್ಲ, ಅದೇ.

“ಅಂಗಳದಾಗ ತುಳಸಿ, ಮ್ಯಾಲ ನೀಲಿ ಆಕಾಶ,
ದಾರಿ ಬಿಡ್ರಿ ಗೆಳತ್ಯಾರ, ಬಾಜೂಕ ನಿಂತಾರ ಸತ್ಯಪ್ರಕಾಶ.”

ಅಷ್ಟು ದೊಡ್ಡ ಸ್ಟೇಷನ್ನಿಗೆಲ್ಲ ಕೇಳಿಸುವಂತೆ ಹೇಳಿದೆ. ‘ಬಾಜೂಕ ನಿಂತಾರ’ ಎನ್ನುವಲ್ಲಿ ದನಿ ಒಡೆಯಿತು. ನನ್ನ ಬಾಜೂಕೆ ಎರಡು ಸೂಟ್‌ಕೇಸು ಬಿಟ್ಟರೆ ಯಾರಿದ್ದರು? ಆ ಹೆಂಗಸು ಒಂದಕ್ಷರ ತಿಳಿಯದೆಯೂ ನನ್ನ ಬೆನ್ನು ಸವರಿದಳು.

ಇನ್ನೂ ಅರ್ಧ ಗಂಟೆಯ ಮೇಲೆ, ಬೋಗಿ ಗುಡಿಸುವವನೊಬ್ಬ ಬಂದು ಕರೆದ. ಕಟ್ಟಕಡೆಯ ಪ್ಲಾಟ್‌ಫಾರ್ಮಿನಲ್ಲಿ ಖಾಲಿ ರೈಲೊಂದು ನಿಂತಿತ್ತು. ಅದರಲ್ಲಿ ಕಿಟಕಿಯ ಪಕ್ಕ ಇವರು ಕೂತಿದ್ದರು. ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹಾಸಿತ್ತು, ಹಿಂದೆ ಊರಿಗೆ ಹೋಗುವಾಗ ಜನರಲ್ ಬೋಗಿಯಲ್ಲಿ ಜಾಗ ಹಿಡಿಯುತ್ತಿದ್ದ ಹಾಗೆ.

“ಎಷ್ಟ ತಡಾ ಮಾಡಿದಿ ವತ್ಸಲಾ? ಹುಬ್ಬಳ್ಳಿ ಬಂತಂದ್ರ ಮಂದಿ ತುಂಬ್ತಾರ. ನಿನ್ನ ಸಲುವಾಗಿ ಸೀಟ ಹಿಡಿದೀನಿ,” ಎಂದರು. ಕರವಸ್ತ್ರ ತೆಗೆದು ಮಡಚಿ ಜೇಬಿಗಿಟ್ಟುಕೊಂಡು, “ಇಲ್ಲೆ ಯಾರದೋ ಮದಿವಿ ನಡದದ. ಒಡಪು ಹೇಳ್ಲಿಕ್ಕೆ ಹತ್ತಿದ್ರು. ಕೇಳಿಸ್ತೇನು?” ಎಂದು ಕೇಳಿದರು.

ಕೇಳಿಸಿತು ಎಂದೆ. ಅವರು ಹಿಡಿದಿಟ್ಟ ಸೀಟಿನಲ್ಲಿ ಕೂತೆ. ಈ ರೈಲು ಎಲ್ಲಿಗೂ ಹೋಗುವುದಿಲ್ಲ ಎಂದು ಗುಡಿಸುವವನು ಕೈಯಾಡಿಸಿ ಹೇಳಿದ, ಮತ್ತೆ ಏನು ತಿಳಿಯಿತೋ ಸುಮ್ಮನೆ ಆಚೆ ಬೋಗಿಗೆ ಹೋದ. ಹತ್ತು ನಿಮಿಷ ಹಾಗೇ ಕೂತಿದ್ದೆವು. ಇಟಲಿಯಲ್ಲಿ ಏನು ನೋಡಿದೆ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಖಾಲಿ ಬೋಗಿ.

ರೋಮ್ ಇಲ್ಲ, ನೇಪಲ್ಸ್ ಇಲ್ಲ, ಮರುದಿನವೇ ವಿಮಾನ ಹಿಡಿದು ಬಂದೆವು. ಮಾಧವನಿಗೆ ಅಪ್ಪನ ಹೊಟ್ಟೆ ಕೆಟ್ಟಿತು ಎಂದು ಸುಳ್ಳು ಹೇಳಿದೆ. ಎರಡು ವಾರ ನಡೆಯಿತು. ಒಂದು ಶನಿವಾರ ಅವನು ಊಟಕ್ಕೆ ಬಂದಾಗ ಇವರು ನನ್ನ ಕಡೆ ಬಾಗಿ, ಈ ಹುಡುಗ ಯಾವ ವಾರ್ಡಿನವನು ಎಂದು ಕೇಳಿದರು. ಕೇಳಿದ್ದು ಕನ್ನಡದಲ್ಲಿ. ಮಾಧವನಿಗೆ ಕನ್ನಡ ಪೂರಾ ತಿಳಿಯುತ್ತದೆ. ಎದ್ದುಹೋಗಿ ಕಾರಿನಲ್ಲಿ ಒಬ್ಬನೇ ಕೂತ.

ಇಲ್ಲಿ ಜಿಪಿ ಎನ್ನುವ ನಮ್ಮ ಮಾಮೂಲಿ ಡಾಕ್ಟರು ಮೆಮರಿ ಕ್ಲಿನಿಕ್ಕಿಗೆ ಕಳಿಸಿದರು. ಇವತ್ತು ಯಾವ ವಾರ, ಪ್ರಧಾನಿ ಯಾರು, ನೂರರಿಂದ ಏಳೇಳು ಕಳೆಯುತ್ತ ಹೋಗಿ. ಇಪ್ಪತ್ತೆಂಟು ವರ್ಷ ಇದೇ ಪ್ರಶ್ನೆಗಳನ್ನು ಮುದುಕರಿಗೆ ಕೇಳಿದವರು ನಮ್ಮವರೇ. ಅಲ್ಲಿಯ ಹುಡುಗ ಡಾಕ್ಟರನಿಗೆ, ಇಷ್ಟು ಅವಸರ ಮಾಡಬಾರದು, ರೋಗಿಗೆ ಯೋಚಿಸಲು ಬಿಡಬೇಕು ಎಂದು ಪಾಠ ಹೇಳಿದರು. ಉತ್ತರ ಮಾತ್ರ ಒಂದೂ ಹೇಳಲಿಲ್ಲ. ಅವನು ‘ಥ್ಯಾಂಕ್ಯೂ ಸರ್’ ಎಂದು ತಲೆ ತಗ್ಗಿಸಿ ಬರೆದುಕೊಂಡ.

ಆ ಕ್ಲಿನಿಕ್ಕಿನ ನರ್ಸ್ ಅನ್ನೆಟ್ ಉಡುಪಿ ಕಡೆಯವಳು, ಮನೆಯಲ್ಲಿ ಕೊಂಕಣಿ, ನನ್ನ ಜೊತೆ ಕನ್ನಡ. ನಾನು ಅವರನ್ನು ಕರೆಯುವುದನ್ನು ಕೇಳಿ ಪಕ್ಕಕ್ಕೆ ಕರೆದಳು. “ಆಂಟಿ, ‘ರೀ’ ಅಂದ್ರೆ ಯಾರನ್ನು ಕರೀತಾರೆ ಅಂತ ಇನ್ನು ಅವರಿಗೆ ಗೊತ್ತಾಗುದಿಲ್ಲ. ಮುಖ ನೋಡಿ, ಸ್ಪಷ್ಟ ಹೆಸರು ಹೇಳಿ ಕರೀಬೇಕು ನೀವು, ಆಯ್ತಾ? ಹೆಸರು ಕಡೇವರೆಗೆ ಉಳೀತದೆ,” ಎಂದಳು. ಒಳ್ಳೆಯದಕ್ಕೇ ಹೇಳಿದಳು. ಆಯಿತಮ್ಮ ಎಂದು ಬಂದಿದ್ದೇನೆ. ಈ ವಾರ ಶುರು ಮಾಡಬೇಕು.

ನನ್ನದೇ ಹೇಳಿ ಹೇಳಿ ನಿನ್ನ ತಲೆ ತಿಂದೆ. ನಿನ್ನ ಮೊಣಕಾಲು ಹೇಗಿದೆ? ಸಪ್ತಾಪುರದ ಮನೆಗೆ ಬಣ್ಣ ಹಚ್ಚಿಸಿದೆಯಾ? ಮೊಮ್ಮಗಳಿಗೆ ಹಲ್ಲು ಬಂದಿವೆ ಎಂದು ಬರೆದಿದ್ದೆ. ಆ ಕೂಸು ನೂರು ವರ್ಷ ಬಾಳಲಿ, ಕಂಡವರನ್ನೆಲ್ಲ ಗುರುತು ಹಿಡಿದು ನಗಲಿ, ಅವಳ ನಗೆಯಲ್ಲಿ ನಿನ್ನ ಮನೆ ತಣ್ಣಗಿರಲಿ. ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ಹೇಳು. ಅವರ ಜೊತೆ ಜಗಳ ಆಡುತ್ತಿರು, ಬಿಡಬೇಡ.

ನಿನ್ನ
ವತ್ಸಲಾ

ತಾ.ಕ.: ಲಕೋಟೆಗೆ ಹಾಕಿದವಳು ಮತ್ತೆ ಹೊರಗೆ ತೆಗೆದೆ. ನಿನಗೂ ಸುಳ್ಳು ಬರೆದರೆ ನಾನು ಸತ್ಯ ಹೇಳುವುದು ಯಾರಿಗೆ? ಶುರು ಮಾಡಬೇಕು ಎಂದು ಬರೆದೆನಲ್ಲ, ಮಂಗಳವಾರವೇ ಶುರು ಮಾಡಿದೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಕೆಟಲಿನ ಮುಂದೆ ನಿಂತು ಹತ್ತು ಸಲ ಹೇಳಿ ಅಭ್ಯಾಸ ಮಾಡಿದೆ. ಕಪ್ಪು ಹಿಡಿದು ಬಂದು, ಒಡಪು ಗಿಡಪು ಇಲ್ಲದೆ, ಮುಖ ನೋಡಿ ಹೇಳಿದೆ: “ಸತ್ಯಪ್ರಕಾಶ, ಚಹಾ ತಗೋರಿ.”

ತಟ್ಟನೆ ತಿರುಗಿದರು. ಅದೊಂದು ಗಳಿಗೆ ನನಗೆ ಎಷ್ಟು ಸಂತೋಷವಾಯಿತೆಂದು ಹೇಗೆ ಹೇಳಲಿ. ಅವರು ಎದ್ದು ನಿಂತು ನನಗೆ ಕೈ ಮುಗಿದರು. “ಬರ್ರಿ, ಕೂಡ್ರಿ. ನಮ್ಮನಿಯವ್ರು ಒಳಗದಾರ, ಕರೀತೀನಿ,” ಎಂದರು. ನಾನೇ ವತ್ಸಲಾ ಎಂದೆ. ವಾರ್ಡಿನಲ್ಲಿ ರೋಗಿಗಳನ್ನು ನೋಡುತ್ತಿದ್ದ ಹಾಗೆ ಮೆತ್ತಗೆ ನೋಡಿದರು. “ಇಲ್ರಿ. ವತ್ಸಲಾ ನನ್ನ ಹೆಸರು ಹಿಡದು ಕರಿಯೂದಿಲ್ಲ,” ಎಂದರು.

ಅಂದೇ ಮತ್ತೆ ‘ರೀ’ ಎಂದು ಕರೆಯತೊಡಗಿದೆ. ತಿರುಗಿ ನೋಡುವುದಿಲ್ಲ. ಇಟಲಿಯ ಖಾಲಿ ರೈಲಿನಲ್ಲಾದರೂ ಅವರಿಗೆ ನಾನಿದ್ದೆ. ನನ್ನ ಬಾಯಾರೆ ಆ ಹೆಸರು ಹೇಳಿ ನನ್ನನ್ನು ನಾನೇ ಅಳಿಸಿಹಾಕಿದೆನೇ ಎಂದು ಐದು ದಿನದಿಂದ ಅದೇ ಯೋಚನೆ. ಇವತ್ತು ಬೆಳಿಗ್ಗೆಯೂ ಸೋಫಾದಲ್ಲಿ ತಮ್ಮ ಪಕ್ಕಕ್ಕೆ ಕರವಸ್ತ್ರ ಹಾಸಿಕೊಂಡು ಕೂತರು. ನಾನು ಹೋಗಿ ಕೂರಲು ನೋಡಿದೆ. ಕೈ ಅಡ್ಡ ಹಿಡಿದರು.

“ಅಲ್ಲೆ ಕೂಡಬ್ಯಾಡ್ರಿ. ನಮ್ಮನಿಯವ್ರು ಬರೋರಿದ್ದಾರ, ಅವ್ರ ಸಲುವಾಗಿ ಹಿಡಿದೀನಿ.”

ಅದಕ್ಕೇ ಗುರುದೇವಿ, ಎದುರಿನ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ.